ನಮೂನೆಯಲ್ಲಿ ಬಣ್ಣದ ಕಾಲಂ ಇಲ್ಲ

2015ರ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಅಟ್ಲಾಂಟಾದ ಹೊರವಲಯದ ಗ್ರಂಥಾಲಯವೊಂದರ ಹಿಂಬದಿಯ ಕೋಣೆಯಲ್ಲಿ ಕುಳಿತು ಒಬ್ಬ ಮಹಿಳೆಯ ತೆರಿಗೆ ರಿಟರ್ನ್ ತುಂಬುತ್ತಿದ್ದೆ. ಕಡಿಮೆ ಆದಾಯದವರಿಗೆ ಉಚಿತವಾಗಿ ರಿಟರ್ನ್ ಸಲ್ಲಿಸಿಕೊಡುವ ವೀಟಾ ಎಂಬ ಸ್ವಯಂಸೇವಾ ಕಾರ್ಯಕ್ರಮ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಜನವರಿಯ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ನಾನು ವಾರಕ್ಕೊಮ್ಮೆ ಅಲ್ಲಿ ಕೂರುತ್ತೇನೆ. ಎದುರಿಗೆ ಕುಳಿತಿದ್ದಾಕೆ ಕಪ್ಪು ಜನಾಂಗದವರು. ವಯಸ್ಸು ನಲವತ್ತರ ಆಸುಪಾಸು, ವಯಸ್ಸಾದವರ ಮನೆಗಳಿಗೆ ಹೋಗಿ ಅವರಿಗೆ ಸ್ನಾನ, ಊಟ, ಔಷಧ ನೋಡಿಕೊಳ್ಳುವ ಕೆಲಸ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಿಂದ ಎರಡು ಏಜೆನ್ಸಿಗಳು ವರ್ಷದ ಸಂಬಳ ತೋರಿಸಿ ಕೊಟ್ಟ ಡಬ್ಲ್ಯೂ-2 ಚೀಟಿಗಳನ್ನೂ ಆರು ವರ್ಷದ ಮಗಳ ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನೂ ತೆಗೆದು, ಸುಕ್ಕು ಬಿಡಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟರು. ಎರಡೂ ಕಡೆಯ ಸಂಬಳ ಕೂಡಿಸಿದರೆ ವರ್ಷಕ್ಕೆ 13,200 ಡಾಲರ್.

ವರ್ಷವಿಡೀ ಆರೋಗ್ಯ ವಿಮೆ ಇತ್ತೇ ಎಂಬ ಪ್ರಶ್ನೆ ರಿಟರ್ನಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು ಆ ಸಲವೇ. ಒಬಾಮಕೇರ್ ಎಂದೇ ಎಲ್ಲರೂ ಕರೆಯುವ 2010ರ ಆರೋಗ್ಯ ವಿಮಾ ಕಾಯ್ದೆಯ ಕಡ್ಡಾಯ ವಿಮೆಯ ನಿಯಮ 2014ರಿಂದ ಜಾರಿಗೆ ಬಂದಿತ್ತು. ವಿಮೆ ಇಲ್ಲದವರು ಮೊದಲ ವರ್ಷಕ್ಕೆ ತಲೆಗೆ 95 ಡಾಲರ್ ಅಥವಾ ನಿಗದಿತ ಮಿತಿಯ ಮೇಲಿನ ಆದಾಯದ ಶೇ. 1, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಂಡವಾಗಿ ಕಟ್ಟಬೇಕಾಗಿತ್ತು. ಆಕೆಯ ಮಗಳಿಗೆ ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್ ಇತ್ತು. ಆಕೆಗೆ ಏನೂ ಇರಲಿಲ್ಲ. ನಾನು 8965ನೇ ನಮೂನೆ ತೆರೆದು ಆಕೆಯ ಹೆಸರಿನ ಮುಂದೆ 'ಜಿ' ಎಂಬ ಒಂದೇ ಅಕ್ಷರ ಬರೆದೆ. ದಂಡ ಮಾಫಿಯಾಯಿತು. ಮೆಡಿಕೇಡ್ ವಿಸ್ತರಿಸಲು ಒಪ್ಪದ ರಾಜ್ಯದಲ್ಲಿ ವಾಸಿಸುವ ಬಡವರು ಎಂಬುದು ಆ ಅಕ್ಷರದ ಅರ್ಥ.

"ಹಾಗಾದರೆ ವಿಮೆ ಎಲ್ಲಿ ಸಿಗುತ್ತದೆ?" ಎಂದು ಆಕೆ ಕೇಳಿದರು. ಕಾಯ್ದೆಯ ಲೆಕ್ಕಾಚಾರವನ್ನು ಅವರಿಗೆ ವಿವರಿಸಿದೆ. ಬಡತನ ರೇಖೆಯ ಶೇ. 138ರವರೆಗಿನ ವಯಸ್ಕರೆಲ್ಲರೂ ಮೆಡಿಕೇಡ್ ಒಳಗೆ ಬರುತ್ತಾರೆ ಎಂದೇ 2010ರಲ್ಲಿ ಶಾಸನ ಮಾಡಿದವರು ನಂಬಿದ್ದರು. ಆದ್ದರಿಂದಲೇ ಖಾಸಗಿ ವಿಮೆ ಕೊಳ್ಳಲು ಸರ್ಕಾರ ಕೊಡುವ ಸಹಾಯಧನವನ್ನು ಬಡತನ ರೇಖೆಯಿಂದ ಮೇಲಕ್ಕೆ ಮಾತ್ರ ಇಟ್ಟರು. 2012ರ ಜೂನ್ 28ರಂದು ಸುಪ್ರೀಂ ಕೋರ್ಟು ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಮರ್ಜಿಗೆ ಬಿಟ್ಟಿತು. ಜಾರ್ಜಿಯಾ ಬೇಡವೆಂದಿತು. ಇಬ್ಬರ ಕುಟುಂಬಕ್ಕೆ ಆ ವರ್ಷದ ಸಹಾಯಧನದ ಲೆಕ್ಕದಲ್ಲಿ ಬಡತನ ರೇಖೆ 15,510 ಡಾಲರ್. ಆಕೆಯ ಸಂಬಳ ಅದಕ್ಕಿಂತ 2,310 ಡಾಲರ್ ಕಡಿಮೆ. "ಅಂದರೆ ನಾನು ಇನ್ನೂ ಹೆಚ್ಚು ದುಡಿದಿದ್ದರೆ ನನಗೆ ಸಹಾಯ ಸಿಗುತ್ತಿತ್ತು, ಕಡಿಮೆ ದುಡಿದದ್ದಕ್ಕೆ ಸಿಗಲಿಲ್ಲ, ಅಲ್ಲವೇ?" ಎಂದರು. ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ.

ಅದೇ ತಿಂಗಳು ಅದೇ ಮೇಜಿಗೆ ಹಾಸನದ ಕಡೆಯ ಹಿರಿಯ ದಂಪತಿ ಬಂದರು. ಮಗ ಇಲ್ಲಿ ಎಂಜಿನಿಯರ್. 2013ರಲ್ಲಿ ಅವನ ಮೂಲಕ ಗ್ರೀನ್ ಕಾರ್ಡ್ ಪಡೆದು ಬಂದವರು. ಊರಿನ ಬ್ಯಾಂಕಿನ ಬಡ್ಡಿ ಬಿಟ್ಟರೆ ಅವರಿಗೆ ಆದಾಯವೆಂಬುದೇ ಇರಲಿಲ್ಲ. ಆದರೂ ಅವರಿಗೆ ಸಹಾಯಧನ ಸಹಿತವಾದ ವಿಮೆ ಇತ್ತು. 1996ರ ಕಾಯ್ದೆಯೊಂದರ ಪ್ರಕಾರ ಹೊಸ ಗ್ರೀನ್ ಕಾರ್ಡಿನವರಿಗೆ ಸಾಮಾನ್ಯವಾಗಿ ಐದು ವರ್ಷ ಮೆಡಿಕೇಡ್ ಇಲ್ಲ. ಅವರು ಬೀದಿಗೆ ಬೀಳಬಾರದೆಂದು 2010ರ ಕಾಯ್ದೆ ಅವರಿಗೆ ಬಡತನ ರೇಖೆಯ ಕೆಳಗಿದ್ದರೂ ಸಹಾಯಧನ ಕೊಟ್ಟಿತು. ಅದು ನ್ಯಾಯವಾದದ್ದೇ. ಯಜಮಾನರು ಕಾಗದಗಳನ್ನು ಮಡಚಿಡುತ್ತ, "ನೋಡಮ್ಮ, ಈ ದೇಶದವರು ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು" ಎಂದು ತುಂಬು ಮನಸ್ಸಿನಿಂದ ಹೇಳಿದರು. ಅವರ ಕೃತಜ್ಞತೆಯಲ್ಲಿ ಸುಳ್ಳಿರಲಿಲ್ಲ. ಆದರೆ ಅದೇ ಕುರ್ಚಿಯಲ್ಲಿ ವಾರದ ಹಿಂದೆ ಕುಳಿತಿದ್ದ, ಇದೇ ನೆಲದಲ್ಲಿ ಹುಟ್ಟಿದ, ಹದಿನೆಂಟನೆಯ ವಯಸ್ಸಿನಿಂದ ದುಡಿಯುತ್ತ ಬಂದ ಹೆಂಗಸಿಗೆ ಸಿಗದ ವಿಮೆ ಅವರಿಗೆ ಸಿಕ್ಕಿದ್ದು ನನ್ನೊಳಗೆ ಒಂದು ಮುಳ್ಳಿನಂತೆ ಉಳಿಯಿತು. ಕಳೆದ ಹತ್ತು ಹನ್ನೊಂದು ವರ್ಷ ನಾನು ಈ ವಿಷಯ ಓದುತ್ತ ಬಂದಿರುವುದಕ್ಕೆ ಆ ಮುಳ್ಳೇ ಕಾರಣ.

ಅಮೆರಿಕದಲ್ಲಿ ಆರೋಗ್ಯ ಕಾಯ್ದೆಯ ಜಗಳ ಎದ್ದಾಗಲೆಲ್ಲ ಮಾತು ಬಹುಬೇಗ ಇನ್ನೊಬ್ಬರ ಮನಸ್ಸಿನೊಳಗೆ ಏನಿದೆ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. 2009ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಒಬಾಮ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಈ ಮಸೂದೆಯ ಬಗ್ಗೆ ಮಾತನಾಡುತ್ತಿದ್ದಾಗ ಸೌತ್ ಕ್ಯಾರೊಲಿನಾದ ರಿಪಬ್ಲಿಕನ್ ಪ್ರತಿನಿಧಿ ಜೋ ವಿಲ್ಸನ್ ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಕೂಗಿದರು. ಒಂದು ವಾರದೊಳಗೆ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ಒಬಾಮ ಮೇಲಿನ ತೀವ್ರ ಹಗೆತನದ ಬಹುಪಾಲು ಅವರು ಕಪ್ಪು ಮನುಷ್ಯ ಎಂಬ ಕಾರಣಕ್ಕೆ ಹುಟ್ಟಿದ್ದು ಎಂದರು. ಟೀಕೆಯ ಬೇರು ಚರ್ಮದ ಬಣ್ಣದಲ್ಲಿದೆ ಎಂದು ಅಧ್ಯಕ್ಷರು ಭಾವಿಸುವುದಿಲ್ಲ ಎಂದು ಶ್ವೇತಭವನವೇ ಸ್ಪಷ್ಟಪಡಿಸಬೇಕಾಯಿತು. ಐದು ವರ್ಷಗಳ ನಂತರ, 2014ರ ಮೇ ತಿಂಗಳಿನಲ್ಲಿ, ಸೆನೆಟ್ ಸಮಿತಿಯ ಸಭೆಯೊಂದರಲ್ಲಿ ವೆಸ್ಟ್ ವರ್ಜಿನಿಯಾದ ಡೆಮಾಕ್ರಟ್ ಸೆನೆಟರ್ ಜೇ ರಾಕ್‌ಫೆಲರ್ ಈ ಕಾಯ್ದೆಗೆ ಬರುತ್ತಿರುವ ವಿರೋಧದಲ್ಲಿ ಅಧ್ಯಕ್ಷರ ಬಣ್ಣಕ್ಕೂ ಪಾಲಿದೆ ಎಂಬರ್ಥದ ಮಾತಾಡಿದರು. ವಿಸ್ಕಾನ್ಸಿನ್‌ನ ರಿಪಬ್ಲಿಕನ್ ಸೆನೆಟರ್ ರಾನ್ ಜಾನ್ಸನ್ ಅಲ್ಲೇ ಕುಳಿತಿದ್ದರು. ಆ ಕಾಯ್ದೆಯನ್ನು ವಿರೋಧಿಸಿದ ತಮ್ಮಂಥವರ ಮೇಲೆ ಜನಾಂಗದ್ವೇಷದ ಆರೋಪ ಹೊರಿಸುವುದು ಅತ್ಯಂತ ನೋವಿನ ಸಂಗತಿ ಎಂದು ಅವರು ಪ್ರತಿಭಟಿಸಿದರು.

ಈ ಜಗಳ ನನಗೆ ಚೆನ್ನಾಗಿ ಪರಿಚಿತ. ಯುಗಾದಿ ಊಟದ ಪಂಕ್ತಿಯಲ್ಲಿ ನಮ್ಮ ಕನ್ನಡಿಗರೇ ಎರಡು ಪಾಲಾಗಿ ಇದೇ ಮಾತುಗಳನ್ನು ಕನ್ನಡದಲ್ಲಿ ಆಡುವುದನ್ನು ಕೇಳಿದ್ದೇನೆ. ಒಬ್ಬರು ಇದೆಲ್ಲ ಬಿಳಿಯರ ಹೊಟ್ಟೆಯುರಿ ಎನ್ನುತ್ತಾರೆ. ಇನ್ನೊಬ್ಬರು, ದುಡಿಯುವವರ ಜೇಬಿಗೆ ಕೈ ಹಾಕಿದರೆ ಯಾರಾದರೂ ಸುಮ್ಮನಿರುತ್ತಾರೆಯೇ, ಅದರಲ್ಲಿ ಬಣ್ಣದ ಮಾತೇಕೆ ಎನ್ನುತ್ತಾರೆ. ಸೆನೆಟರ್ ಜಾನ್ಸನ್ ಅವರ ಎದೆಯೊಳಗೆ ಏನಿತ್ತೆಂದು ನನಗೆ ಗೊತ್ತಿಲ್ಲ, ರಾಕ್‌ಫೆಲರ್ ಅವರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ನಾನು 'ಜಿ' ಎಂದು ಬರೆದ ಆ ಚೌಕಕ್ಕೆ ಯಾರ ಎದೆಯನ್ನೂ ಬಗೆದು ನೋಡುವ ಅಗತ್ಯವಿರಲಿಲ್ಲ. 2012ರ ತೀರ್ಪಿನಲ್ಲಿ ಮೆಡಿಕೇಡಿಗೆ ಸಂಬಂಧಿಸಿದ ಭಾಗಕ್ಕೆ ಒಂಬತ್ತರಲ್ಲಿ ಏಳು ನ್ಯಾಯಮೂರ್ತಿಗಳು ಒಪ್ಪಿದರು, ಅವರಲ್ಲಿ ಇಬ್ಬರು ಡೆಮಾಕ್ರಟ್ ಅಧ್ಯಕ್ಷರು ನೇಮಿಸಿದವರು. ತೀರ್ಪಿನ ತರ್ಕವೆಲ್ಲ ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯದು. ಅದರ ಫಲವಾಗಿ ವಿಸ್ತರಣೆಯನ್ನು ನಿರಾಕರಿಸಿ ಉಳಿದ ರಾಜ್ಯಗಳಲ್ಲಿ ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿ, ಸೌತ್ ಕ್ಯಾರೊಲಿನಾ, ಟೆನೆಸ್ಸಿ ಇವೆ. ಇವೆಲ್ಲ ಒಂದು ಕಾಲದಲ್ಲಿ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳು. ಮೆಡಿಕೇಡೂ ಇಲ್ಲದೆ ಸಹಾಯಧನವೂ ಇಲ್ಲದೆ ಈ ಕಂದಕಕ್ಕೆ ಬಿದ್ದವರಲ್ಲಿ ಕಪ್ಪು ಜನರ ಪಾಲು ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ದೊಡ್ಡದು.

ಈ ನೆಲದಲ್ಲಿ ಆಸ್ಪತ್ರೆ ಮತ್ತು ಬಣ್ಣದ ನಂಟು ಹಳೆಯದು, ಮತ್ತು ಅದು ಒಂದೇ ಪಕ್ಷದ ಪಾಪವಲ್ಲ. ಆಸ್ಪತ್ರೆ ಕಟ್ಟಲು ಕೇಂದ್ರದ ಹಣ ಕೊಟ್ಟ 1946ರ ಹಿಲ್-ಬರ್ಟನ್ ಕಾಯ್ದೆ ಬಿಳಿಯರಿಗೂ ಕಪ್ಪು ಜನರಿಗೂ ಪ್ರತ್ಯೇಕ ಸೌಲಭ್ಯ ಇಡಲು ಬಾಯಿಬಿಟ್ಟೇ ಅನುಮತಿ ಕೊಟ್ಟಿತ್ತು. ಅದರ ಹೆಸರಿನಲ್ಲಿರುವ ಲಿಸ್ಟರ್ ಹಿಲ್ ಅಲಬಾಮದ ಡೆಮಾಕ್ರಟ್, ಹೆರಾಲ್ಡ್ ಬರ್ಟನ್ ಒಹಾಯೋದ ರಿಪಬ್ಲಿಕನ್. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ದಂತವೈದ್ಯ ಜಾರ್ಜ್ ಸಿಮ್ಕಿನ್ಸ್ ಮತ್ತು ಅವರ ಸಂಗಡಿಗರು ಹೂಡಿದ ಮೊಕದ್ದಮೆಯಲ್ಲಿ 1963ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅನುಮತಿಯನ್ನು ಹೊಡೆದುಹಾಕಿತು. ಆದರೂ ವಾರ್ಡುಗಳ ಗೋಡೆ ನಿಜವಾಗಿ ಬಿದ್ದದ್ದು 1966ರ ಜುಲೈ 1ರಂದು ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಶುರುವಾದಾಗ. ಭೇದ ಮಾಡುವ ಆಸ್ಪತ್ರೆಗೆ ಮೆಡಿಕೇರಿನ ಹಣ ಇಲ್ಲ ಎಂದು ಸರ್ಕಾರ ಹೇಳಿತು. ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ದಾರಿಗೆ ಬಂದವು. ಆ ಆಸ್ಪತ್ರೆಗಳ ಆಡಳಿತ ಮಂಡಳಿಯವರ ಮನಸ್ಸು ನಾಲ್ಕು ತಿಂಗಳಲ್ಲಿ ಬದಲಾಯಿತೆಂದು ನಾನು ನಂಬುವುದಿಲ್ಲ. ಹಣ ಯಾವ ಷರತ್ತಿನ ಮೇಲೆ ಬರುತ್ತದೆ ಎಂಬುದು ಬದಲಾಯಿತು, ಅಷ್ಟೇ. ನನಗೆ ಈ ಪ್ರಸಂಗ ಅತ್ಯಂತ ಪ್ರಿಯವಾದದ್ದು.

ಇನ್ನು ತೆರಿಗೆಯ ಕಡೆಗೆ ಬರುತ್ತೇನೆ, ಏಕೆಂದರೆ 2010ರ ಕಾಯ್ದೆಯನ್ನು ಜಾರಿಗೊಳಿಸುವ ಹೊಣೆ ಬಿದ್ದದ್ದು ಐಆರ್‌ಎಸ್ ಎಂಬ ಕೇಂದ್ರ ತೆರಿಗೆ ಇಲಾಖೆಯ ಮೇಲೆ. ವಿಮೆ ಇಲ್ಲದವರನ್ನು ಹಿಡಿಯಲು 16,500 ಹೊಸ ತೆರಿಗೆ ಅಧಿಕಾರಿಗಳು ಮನೆಬಾಗಿಲಿಗೆ ಬರುತ್ತಾರೆ ಎಂಬ ಹೆದರಿಕೆಯನ್ನು ರಿಪಬ್ಲಿಕನ್ನರು ಆಗ ಊರೆಲ್ಲ ಹಬ್ಬಿಸಿದರು. ಕಾಯ್ದೆಯನ್ನು ಓದಿದರೆ ಅದರಲ್ಲಿರುವುದು ತದ್ವಿರುದ್ಧ: ಈ ದಂಡ ಕಟ್ಟದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ, ಮನೆ ಅಥವಾ ಸಂಬಳದ ಮೇಲೆ ಜಪ್ತಿ ತರುವಂತಿಲ್ಲ, ಮುಂದೆ ಬರಬೇಕಾದ ಮರುಪಾವತಿಯಲ್ಲಿ ಹಿಡಿದುಕೊಳ್ಳಬಹುದು, ಅಷ್ಟೇ. ದಂಡವನ್ನು ತೆರಿಗೆಯೆಂದು ಪರಿಗಣಿಸಬಹುದು ಎಂಬ ಒಂದೇ ಎಳೆಯ ಮೇಲೆ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ 5-4ರ ಬಹುಮತದಲ್ಲಿ ಇಡೀ ಕಡ್ಡಾಯ ನಿಯಮವನ್ನು ಉಳಿಸಿದರು. ವಿಮೆ ಮತ್ತು ತೆರಿಗೆ ಹೀಗೆ ಒಂದೇ ಹಗ್ಗದಲ್ಲಿ ಹೊಸೆದುಕೊಂಡವು.

ಆ ತೀರ್ಪಿನ ಮರುವರ್ಷ, 2013ರ ಮೇ 10ರಂದು, ಐಆರ್‌ಎಸ್‌ನ ಹಿರಿಯ ಅಧಿಕಾರಿ ಲೋಯಿಸ್ ಲರ್ನರ್ ವಕೀಲರ ಸಭೆಯೊಂದರಲ್ಲಿ ಕ್ಷಮೆ ಕೇಳಿದರು. ತೆರಿಗೆ ವಿನಾಯಿತಿಗಾಗಿ ಬಂದ ಸಂಘಗಳ ಅರ್ಜಿಗಳಲ್ಲಿ 'ಟೀ ಪಾರ್ಟಿ', 'ಪೇಟ್ರಿಯಟ್' ಮುಂತಾದ ಬಲಪಂಥೀಯರ ಪದಗಳು ಹೆಸರಿನಲ್ಲಿದ್ದರೆ ಅವನ್ನು ಬೇರೆ ತೆಗೆದಿಟ್ಟು ಹೆಚ್ಚಿನ ಪರಿಶೀಲನೆಗೆ ಒಳಪಡಿಸಲಾಗಿತ್ತು. ನಾಲ್ಕು ದಿನಗಳ ನಂತರ ಹೊರಬಂದ ತನಿಖಾ ವರದಿಯ ಪ್ರಕಾರ ಕೆಲವು ಅರ್ಜಿಗಳು ಮೂರು ವರ್ಷಕ್ಕೂ ಹೆಚ್ಚು ಕಾಲ ಕೊಳೆತಿದ್ದವು. ದಾನಿಗಳ ಹೆಸರು ಕೊಡಿ ಎಂಬಂಥ ಅನಗತ್ಯ ಪ್ರಶ್ನೆಗಳನ್ನು ಕೇಳಲಾಗಿತ್ತು. ರಿಪಬ್ಲಿಕನ್ನರು ಇದನ್ನು ಸರ್ಕಾರಿ ದಬ್ಬಾಳಿಕೆ ಎಂದರು. ಡೆಮಾಕ್ರಟರು, ಇದರಲ್ಲಿ ದುರುದ್ದೇಶವಿಲ್ಲ, ಸಿನ್ಸಿನಾಟಿ ಕಚೇರಿಯ ಸಿಬ್ಬಂದಿ ರಾಶಿ ಬಿದ್ದ ಅರ್ಜಿಗಳನ್ನು ವಿಂಗಡಿಸಲು ಹುಡುಕಿಕೊಂಡ ಅಡ್ಡದಾರಿ ಇದು ಎಂದರು. 2015ರಲ್ಲಿ ನ್ಯಾಯ ಇಲಾಖೆ ಆಡಳಿತ ಕೆಟ್ಟಿತ್ತೆಂದೂ ಅಪರಾಧ ಕಾಣಲಿಲ್ಲವೆಂದೂ ಹೇಳಿ ಕಡತ ಮುಚ್ಚಿತು. 'ಪ್ರೊಗ್ರೆಸಿವ್', 'ಆಕ್ಯುಪೈ' ಮುಂತಾದ ಎಡಪಂಥೀಯರ ಪದಗಳಿಗೂ ಅದೇ ಗತಿಯಾಗಿತ್ತೆಂದು 2017ರ ಇನ್ನೊಂದು ವರದಿ ತಿಳಿಸಿತು.

ನನ್ನ ಅಭಿಪ್ರಾಯದಲ್ಲಿ ಆಗ ರಿಪಬ್ಲಿಕನ್ನರು ಮೂಲ ವಿಷಯದಲ್ಲಿ ಸರಿಯಾಗಿದ್ದರು. ಯಾರನ್ನು ಪರಿಶೀಲಿಸಬೇಕು ಎಂಬುದನ್ನು ಒಂದು ಪದಪಟ್ಟಿ ತೀರ್ಮಾನಿಸಿದಾಗ, ಆ ಪಟ್ಟಿ ಬರೆದವರ ಮನಸ್ಸು ಶುದ್ಧವಾಗಿದ್ದರೂ, ಮೂರು ವರ್ಷ ಕಾದವರಿಗೆ ಅನ್ಯಾಯವಾಗಿಯೇ ಇರುತ್ತದೆ. ಮನಸ್ಸಿನಲ್ಲಿ ಕೆಡುಕಿಲ್ಲ ಎಂಬುದು ಕಾದವರಿಗೆ ಉತ್ತರವಾಗುವುದಿಲ್ಲ. ಈ ತತ್ವವನ್ನು ಹಿಡಿದುಕೊಂಡು ಅವರು ಹತ್ತು ವರ್ಷ ಮುಂದಕ್ಕೆ ನಡೆದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನನಗೆ ಅನ್ನಿಸುತ್ತದೆ.

ಏಕೆಂದರೆ 2023ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಖಜಾನೆ ಇಲಾಖೆಯ ಅರ್ಥಶಾಸ್ತ್ರಜ್ಞರೊಂದಿಗೆ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ತೆರಿಗೆ ನಮೂನೆಯಲ್ಲಿ ಜನಾಂಗ ಕೇಳುವ ಕಾಲಂ ಇಲ್ಲ; ಯಾರ ರಿಟರ್ನ್ ಯಾವ ಬಣ್ಣದವರದೆಂದು ಇಲಾಖೆಗೆ ತಿಳಿಯದು. ಆದ್ದರಿಂದ ಅವರು ಹೆಸರು ಮತ್ತು ವಾಸಸ್ಥಳಗಳ ಆಧಾರದ ಮೇಲೆ ಸಂಭವನೀಯತೆಯನ್ನು ಅಂದಾಜು ಮಾಡಿ ಲೆಕ್ಕ ಹಾಕಿದರು. ಕಪ್ಪು ತೆರಿಗೆದಾರರ ಆಡಿಟ್ ಪ್ರಮಾಣ ಇತರರದಕ್ಕಿಂತ 2.9ರಿಂದ 4.7 ಪಟ್ಟು ಹೆಚ್ಚಿತ್ತು. ಆ ವರ್ಷದ ಮೇ ತಿಂಗಳಲ್ಲಿ ಐಆರ್‌ಎಸ್ ಕಮಿಷನರ್ ಡ್ಯಾನಿ ವೆರ್ಫೆಲ್ ಸೆನೆಟಿಗೆ ಬರೆದ ಪತ್ರದಲ್ಲಿ ತಮ್ಮ ಇಲಾಖೆಯ ಆರಂಭಿಕ ಪರಿಶೀಲನೆಯೂ ಈ ಅಂತರವನ್ನು ಸಮರ್ಥಿಸುತ್ತದೆಂದು ಒಪ್ಪಿಕೊಂಡರು.

ಯಾರ ರಿಟರ್ನ್ ಆಡಿಟ್ ಆಗಬೇಕೆಂದು ಆರಿಸುವ, ಬಣ್ಣ ಗೊತ್ತಿಲ್ಲದ ಯಂತ್ರ ಬಣ್ಣ ನೋಡಿ ಆರಿಸಿದಂತೆ ಹೇಗೆ ಆರಿಸಿತು? ಅಂತರದ ಮುಖ್ಯ ಮೂಲ ಇಐಟಿಸಿ ಎಂಬ ಸವಲತ್ತು. ದುಡಿಯುವ ಬಡವರಿಗೆ ಕಟ್ಟಿದ ತೆರಿಗೆಗಿಂತ ಹೆಚ್ಚು ಹಣವನ್ನೂ ಮರಳಿ ಕೊಡುವ ಈ ವ್ಯವಸ್ಥೆ 1975ರಿಂದ ಇದೆ. ಗ್ರಂಥಾಲಯದ ಆ ಮಹಿಳೆಗೆ 2014ರ ಲೆಕ್ಕದಲ್ಲಿ ಒಂದು ಮಗುವಿಗೆ ಸಿಕ್ಕಿದ್ದು 3,305 ಡಾಲರ್, ಅಂದರೆ ಆಕೆಯ ಮೂರು ತಿಂಗಳ ಸಂಬಳ. ಈ ಸವಲತ್ತಿನಲ್ಲಿ ತಪ್ಪು ಕ್ಲೇಮುಗಳು ಬಹಳ ಎಂದು 1990ರ ದಶಕದಿಂದಲೂ ಸಂಸತ್ತು ಇಲಾಖೆಯನ್ನು ತಿವಿಯುತ್ತ ಬಂದಿದೆ. ಯಂತ್ರಕ್ಕೆ ಕೊಟ್ಟ ಗುರಿ ತಪ್ಪಾಗಿ ಪಡೆದ ಮರುಪಾವತಿಯನ್ನು ಹಿಡಿ ಎಂಬುದಾದರೆ ಅದು ಇಂಥವರನ್ನು ಆರಿಸುತ್ತದೆ. ಒಟ್ಟಾರೆ ಎಷ್ಟು ತೆರಿಗೆ ಮುಚ್ಚಿಡಲಾಗಿದೆಯೋ ಅದನ್ನು ಹಿಡಿ ಎಂದು ಗುರಿ ಬದಲಿಸಿದರೆ ಆಯ್ಕೆಯೂ ಬದಲಾಗಿ ಅಂತರ ಕುಗ್ಗುತ್ತದೆ ಎಂಬುದು ಆ ಅಧ್ಯಯನ ಕಂಡುಕೊಂಡ ಅತ್ಯಂತ ಮುಖ್ಯ ಸಂಗತಿ. ಸ್ವಂತ ವ್ಯಾಪಾರದ ಆದಾಯ ತೋರಿಸುವವರ ಲೆಕ್ಕ ಬಿಡಿಸಲು ಅನುಭವಿ ಆಡಿಟರ್ ಬೇಕು. ಮಗು ನಿಮ್ಮ ಜೊತೆಯಲ್ಲೇ ಇತ್ತೇ ಎಂದು ಕೇಳಲು ಒಂದು ಕಾಗದ, ಒಂದು ಲಕೋಟೆ ಸಾಕು.

ಆ ಕಾಗದದ ಹೆಸರು ಸಿಪಿ-75. ನಿಮ್ಮ ರಿಟರ್ನ್ ಆಡಿಟ್ ಆಗುತ್ತಿದೆ, ಮರುಪಾವತಿಯ ಈ ಭಾಗವನ್ನು ತಡೆಹಿಡಿದಿದ್ದೇವೆ, 30 ದಿನಗಳೊಳಗೆ ದಾಖಲೆ ಕಳುಹಿಸಿ ಎನ್ನುತ್ತದೆ. ಮಗು ನಿಮ್ಮದೇ ಎಂಬುದಕ್ಕೆ ಜನನ ಪ್ರಮಾಣಪತ್ರ ಬೇಕು. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಒಂದೇ ಸೂರಿನಡಿ ಇದ್ದಿರಿ ಎಂಬುದಕ್ಕೆ ಶಾಲೆಯದೋ ವೈದ್ಯರದೋ ಪತ್ರ ಬೇಕು. ಅದರಲ್ಲಿ ಮಗುವಿನ ವಿಳಾಸ, ದಿನಾಂಕಗಳು, ಎಲ್ಲ ನಿಮ್ಮ ವಿಳಾಸದೊಂದಿಗೆ ಹೊಂದಬೇಕು. ಬಾಡಿಗೆ ಕಟ್ಟಲಾಗದೆ ವರ್ಷದಲ್ಲಿ ಎರಡು ಸಲ ಮನೆ ಬದಲಿಸಿದವರಿಗೆ, ಆರು ತಿಂಗಳು ಅಕ್ಕನ ಮನೆಯ ಹಜಾರದಲ್ಲಿ ಮಲಗಿದವರಿಗೆ, ಅಜ್ಜಿಯ ವಿಳಾಸ ಕೊಟ್ಟು ಮಗುವನ್ನು ಶಾಲೆಗೆ ಸೇರಿಸಿದವರಿಗೆ ಈ ದಾಖಲೆಗಳನ್ನು ಹೊಂದಿಸುವುದೆಂದರೆ ಸಣ್ಣ ಕೆಲಸವಲ್ಲ. ಉತ್ತರ ಕೊಡದೆ ಕೈಬಿಟ್ಟವರು ಹಣವನ್ನೂ ಕಳೆದುಕೊಳ್ಳುತ್ತಾರೆ. ಅವರೆಲ್ಲ ಮೋಸಗಾರರಲ್ಲ. ಕಾಗದಕ್ಕೆ ಹೊಂದದ ಬದುಕು ಅವರದು.

2019ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ದೇಶದಲ್ಲೇ ಅತಿ ಹೆಚ್ಚು ಪ್ರಮಾಣದಲ್ಲಿ ಆಡಿಟ್ ಆಗುವ ಕೌಂಟಿ, ಅಂದರೆ ಜಿಲ್ಲೆ, ಮಿಸಿಸಿಪ್ಪಿಯ ಹಂಫ್ರೀಸ್ ಎಂದಿತ್ತು. ಮುಕ್ಕಾಲು ಪಾಲು ಕಪ್ಪು ಜನರಿರುವ, ಡೆಲ್ಟಾ ಪ್ರದೇಶದ ಕಡುಬಡ ಕೌಂಟಿ ಅದು. ಭಾರತೀಯರು ದೊಡ್ಡ ಸಂಖ್ಯೆಯಲ್ಲಿರುವ, ದೇಶದ ಅತಿ ಶ್ರೀಮಂತ ಕೌಂಟಿಗಳಲ್ಲಿ ಒಂದಾದ ವರ್ಜಿನಿಯಾದ ಲೌಡನ್ ಅದಕ್ಕಿಂತ ಬಹಳ ಕೆಳಗಿತ್ತು. ಅದೇ ವರ್ಷ ಆಗಿನ ಕಮಿಷನರ್ ಚಾರ್ಲ್ಸ್ ರೆಟಿಗ್ ಸೆನೆಟರ್ ರಾನ್ ವೈಡನ್ ಅವರಿಗೆ ಬರೆದ ಪತ್ರದಲ್ಲಿ ಬಡವರ ಅಂಚೆ ಆಡಿಟ್ ಕಡಿಮೆ ಖರ್ಚಿನದು, ಶ್ರೀಮಂತರ ಆಡಿಟಿಗೆ ಹಿರಿಯ ಸಿಬ್ಬಂದಿ ಮತ್ತು ಹೆಚ್ಚಿನ ಹಣ ಬೇಕು ಎಂದು ನೇರವಾಗಿ ವಿವರಿಸಿದರು. 2010ರ ನಂತರ ಇಲಾಖೆಯ ಬಜೆಟ್ಟನ್ನು ಹಣದುಬ್ಬರ ಕಳೆದು ನೋಡಿದರೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕತ್ತರಿಸಲಾಗಿತ್ತು. ಒಬಾಮಕೇರ್ ಮೇಲಿನ ಸಿಟ್ಟು ಮತ್ತು ಟೀ ಪಾರ್ಟಿ ಪ್ರಕರಣದ ಸಿಟ್ಟು ಎರಡೂ ಆ ಕತ್ತರಿಗೆ ಹರಿತ ಕೊಟ್ಟವು. ದಬ್ಬಾಳಿಕೆ ತಡೆಯಲೆಂದು ಮಾಡಿದ ಕಡಿತದಲ್ಲಿ ಶ್ರೀಮಂತರ ಲೆಕ್ಕ ನೋಡಬಲ್ಲ ಆಡಿಟರುಗಳು ಕಡಿಮೆಯಾದರು, ಲಕೋಟೆಗಳು ಉಳಿದವು.

ಇಲ್ಲಿ ಎರಡೂ ಪಕ್ಷಗಳು ಜಾಗ ಬದಲಿಸಿಕೊಂಡದ್ದನ್ನು ನೋಡಿ. ಟೀ ಪಾರ್ಟಿಯ ಅರ್ಜಿಗಳ ವಿಷಯದಲ್ಲಿ ದುರುದ್ದೇಶವಿಲ್ಲದಿದ್ದ ಮೇಲೆ ಅನ್ಯಾಯವೆಲ್ಲಿ ಎಂದ ಡೆಮಾಕ್ರಟರು ಆಡಿಟ್ ವಿಷಯದಲ್ಲಿ ಉದ್ದೇಶ ಮುಖ್ಯವಲ್ಲ, ಪರಿಣಾಮ ನೋಡಿ ಎಂದರು. ಪರಿಣಾಮವನ್ನೇ ನೋಡಿ ಎಂದಿದ್ದ ರಿಪಬ್ಲಿಕನ್ನರು, ನಮೂನೆಯಲ್ಲಿ ಬಣ್ಣದ ಕಾಲಮೇ ಇಲ್ಲದಾಗ ಜನಾಂಗಭೇದದ ಮಾತೆಲ್ಲಿಂದ ಬಂತು ಎಂದರು. ನೊಂದವರು ತಮ್ಮವರಾದಾಗ ಒಂದು ಅಳತೆ, ಎದುರಿನವರಾದಾಗ ಇನ್ನೊಂದು. ಹೀಗೆ ಹೇಳಿದರೆ ನಾನು ಎರಡೂ ಕಡೆ ಸಮ ತೂಗುತ್ತಿದ್ದೇನೆಂದು ಕೆಲವರಿಗೆ ಅನ್ನಿಸಬಹುದು. ಹಾಗಿಲ್ಲ. ವಿಮೆ ಇಲ್ಲದ ಬಡವರಿಗೆ ವಿಮೆ ಕೊಡುವ ಕಾಯ್ದೆ ಮಾಡಿದವರು ಡೆಮಾಕ್ರಟರು, ಅದನ್ನು ಮುರಿಯಲು ಮತ್ತೆ ಮತ್ತೆ ಯತ್ನಿಸಿದವರು ರಿಪಬ್ಲಿಕನ್ನರು. ಆ ಯತ್ನಕ್ಕೆ 2017ರ ಜುಲೈ 28ರ ನಸುಕಿನಲ್ಲಿ ಅದೇ ಪಕ್ಷದ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ತಡೆ ಹಾಕಿದರು. ಆದರೆ ಎದುರಾಳಿಯ ಎದೆಯಲ್ಲಿ ದ್ವೇಷವಿದೆ ಎಂದು ಸಾಬೀತು ಮಾಡಲು ಡೆಮಾಕ್ರಟರು ಖರ್ಚು ಮಾಡಿದ ಉಸಿರಿನಲ್ಲಿ ಕಾಲು ಭಾಗವನ್ನು ತಮ್ಮದೇ ಅಧ್ಯಕ್ಷರ ಎಂಟು ವರ್ಷಗಳ ಕಾಲ ಲಕೋಟೆಗಳು ಯಾರ ಮನೆಗೆ ಹೋಗುತ್ತಿದ್ದವು ಎಂದು ಕೇಳಲು ಬಳಸಿದ್ದರೆ ಆ ಅಧ್ಯಯನಕ್ಕೆ 2023ರವರೆಗೆ ಕಾಯಬೇಕಾಗಿರಲಿಲ್ಲ.

2022ರ ಆಗಸ್ಟಿನಲ್ಲಿ ಹಳೆಯ ನಾಟಕ ಹೊಸ ಅಂಕಿಯೊಂದಿಗೆ ಮರಳಿತು. ಒಬಾಮಕೇರ್ ಸಹಾಯಧನದ ಹೆಚ್ಚಳವನ್ನು 2025ರ ಕೊನೆಯವರೆಗೆ ಮುಂದುವರಿಸಿ, ಐಆರ್‌ಎಸ್‌ಗೆ ಹತ್ತು ವರ್ಷಗಳಲ್ಲಿ ಸುಮಾರು 8,000 ಕೋಟಿ ಡಾಲರ್ ಕೊಡುವ ಕಾಯ್ದೆಯೊಂದು ಸೆನೆಟಿನಲ್ಲಿ 51-50ರಲ್ಲಿ ಪಾಸಾಯಿತು. ಈ ಬಾರಿ ಮನೆಬಾಗಿಲಿಗೆ ಬರಲಿದ್ದವರ ಸಂಖ್ಯೆ 87,000. ಖಜಾನೆ ಇಲಾಖೆಯ 2021ರ ವರದಿಯೊಂದರಲ್ಲಿದ್ದ ಆ ಅಂಕಿಯಲ್ಲಿ ಹತ್ತು ವರ್ಷಗಳಲ್ಲಿ ನಿವೃತ್ತರಾಗುವವರ ಜಾಗ ತುಂಬುವವರು, ಫೋನ್ ಎತ್ತುವವರು, ಕಂಪ್ಯೂಟರ್ ಸಿಬ್ಬಂದಿ ಎಲ್ಲರೂ ಸೇರಿದ್ದರು. 2023ರ ಜನವರಿ 9ರಂದು ಹೊಸ ರಿಪಬ್ಲಿಕನ್ ಬಹುಮತದ ಕೆಳಮನೆ ಅಂಗೀಕರಿಸಿದ ಮೊಟ್ಟಮೊದಲ ಮಸೂದೆ ಆ ಹಣವನ್ನು ಹಿಂಪಡೆಯುವುದಾಗಿತ್ತು. ಅದೇ ತಿಂಗಳ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ಅಧ್ಯಯನ ಬಂತು. ಸಣ್ಣ ಜನರ ಮೇಲೆ ಇಲಾಖೆಯ ಭಾರ ಬೀಳುತ್ತದೆ ಎಂದು ಮೂರು ವಾರ ಹಿಂದಷ್ಟೇ ಗುಡುಗಿದ್ದವರಿಗೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಸಿಗುತ್ತಿರಲಿಲ್ಲ. ಅದನ್ನು ಅವರು ಕೈಗೆತ್ತಿಕೊಳ್ಳಲಿಲ್ಲ.

ಕಡ್ಡಾಯ ವಿಮೆಯ ದಂಡವನ್ನು 2017ರ ಡಿಸೆಂಬರಿನ ತೆರಿಗೆ ಕಾಯ್ದೆ 2019ರಿಂದ ಸೊನ್ನೆಗೆ ಇಳಿಸಿದ್ದರಿಂದ 8965ನೇ ನಮೂನೆಯೂ ಅದರ 'ಜಿ' ಅಕ್ಷರವೂ ಈಗಿಲ್ಲ. ಕಂದಕ ಹಾಗೆಯೇ ಇದೆ. ಕೆಲಸದ ಗಂಟೆಗಳ ಷರತ್ತಿನ ಒಂದು ಸೀಮಿತ ಯೋಜನೆಯನ್ನು ಜಾರ್ಜಿಯಾ 2023ರ ಜುಲೈನಲ್ಲಿ ತಂದಿತು. ತಿಂಗಳಿಗೆ 80 ಗಂಟೆ ದುಡಿದದ್ದನ್ನು ತೋರಿಸಬೇಕಾದ ಆ ಯೋಜನೆ ಪೂರ್ತಿ ವಿಸ್ತರಣೆಯಲ್ಲ. ಸಹಾಯಧನದ ಹೆಚ್ಚಳ ಮುಂದುವರಿಯಬೇಕೇ ಎಂಬ ಜಗಳಕ್ಕೆ 2025ರ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರವೇ ಬಾಗಿಲು ಹಾಕಿತು. ಆದರೂ ಹೆಚ್ಚಳ ಆ ವರ್ಷದ ಕೊನೆಗೆ ಮುಗಿದುಹೋಯಿತು. ಹಾಸನದ ಆ ದಂಪತಿಯಂಥ ಹೊಸ ಗ್ರೀನ್ ಕಾರ್ಡಿನ ಹಿರಿಯರಿಗೆ ಬಡತನ ರೇಖೆಯ ಕೆಳಗೂ ಸಿಗುತ್ತಿದ್ದ ಸಹಾಯಧನವನ್ನು 2025ರ ಜುಲೈ 4ರಂದು ಸಹಿಯಾದ ಕಾಯ್ದೆ 2026ರಿಂದ ನಿಲ್ಲಿಸಿತು. 2015ರಲ್ಲಿ ಒಂದೇ ಕುರ್ಚಿಯಲ್ಲಿ ವಾರದ ಅಂತರದಲ್ಲಿ ಕುಳಿತ ಆ ಎರಡು ಮನೆಗಳ ನಡುವಿನ ಭೇದ ಹೀಗೆ ಅಳಿಸಿಹೋಗಿದೆ. ಸಿಗದವರಿಗೆ ಕೊಟ್ಟು ಅಳಿಸಬಹುದಾಗಿತ್ತು, ಸಿಕ್ಕಿದ್ದವರಿಂದ ಕಿತ್ತುಕೊಂಡು ಅಳಿಸಿದರು. ಈಚೆಗೆ ತಂದೆತಾಯಿಯನ್ನು ಕರೆಸಿಕೊಂಡ ನಮ್ಮವರು ಈ ಸುದ್ದಿ ತಿಳಿದು ಕಂಗಾಲಾಗಿ ನನಗೆ ಫೋನ್ ಮಾಡುತ್ತಾರೆ. ಅವರಿಗೆ ಲೆಕ್ಕ ವಿವರಿಸುವಾಗ ನಾನು ಆ ಮಹಿಳೆಯ ವಿಷಯವನ್ನೂ ಹೇಳುತ್ತೇನೆ.

ಆಕೆ ಈಗಲೂ ಪ್ರತಿವರ್ಷ ಫೆಬ್ರವರಿಯಲ್ಲಿ ಬರುತ್ತಾರೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ, ಒಮ್ಮೊಮ್ಮೆ ಅಮ್ಮನ ಜೊತೆ ಬಂದು ಮಕ್ಕಳ ಪುಸ್ತಕದ ಕಪಾಟಿನ ಬಳಿ ಫೋನ್ ನೋಡುತ್ತ ನಿಂತಿರುತ್ತಾಳೆ. ಡಬ್ಲ್ಯೂ-2 ಚೀಟಿಗಳನ್ನು ನಾನು ಈಗ ಮೊದಲು ಕೇಳುವುದಿಲ್ಲ. ಶಾಲೆಯಿಂದ ತಂದ ಪತ್ರವನ್ನು ತೆಗೆಸುತ್ತೇನೆ, ಅದರಲ್ಲಿರುವ ವಿಳಾಸದ ಮನೆ ಸಂಖ್ಯೆ, ಬೀದಿ, ಜಿಪ್ ಕೋಡ್ ಒಂದೊಂದನ್ನೂ ಅವರ ಡ್ರೈವಿಂಗ್ ಲೈಸೆನ್ಸಿನ ಪಕ್ಕದಲ್ಲಿಟ್ಟು ಬೆರಳು ಹಿಡಿದು ಓದುತ್ತೇನೆ, ಒಂದು ಅಂಕಿ ಬೇರೆಯಾಗಿದ್ದರೂ ಸೋಮವಾರ ಶಾಲೆಯ ಕಚೇರಿಗೆ ಹೋಗಿ ತಿದ್ದಿಸಿಕೊಂಡು ಬರಲು ಹೇಳುತ್ತೇನೆ. ಆಮೇಲೆ ಆ ಪತ್ರದ ಪ್ರತಿಯನ್ನು ರಿಟರ್ನಿನ ಹಿಂದೆ ಪಿನ್ನು ಹಾಕಿ ಅವರ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಕೊಡುತ್ತೇನೆ.